ಲ್ಯಾಪ್‌ಟಾಪ್‌ಗೆ ಎರಡನೆಯ ರ‍್ಯಾಮ್: ಕಂಪನಿಗಿಂತ ಮೊದಲು ವೋಲ್ಟೇಜ್ ನೋಡಿ

ನಾಲ್ಕನೆಯ ತಲೆಮಾರಿನ ಇಂಟೆಲ್ ಕೋರ್ ಲ್ಯಾಪ್‌ಟಾಪ್‌ನಲ್ಲಿ 4 ಜಿಬಿ ರ‍್ಯಾಮ್ ಇದೆ, ಒಂದು ಸ್ಲಾಟ್ ಖಾಲಿ ಇದೆ, ಅದಕ್ಕೆ ಅದೇ ಕಂಪನಿಯ 1600 ವೇಗದ್ದನ್ನೇ ಹುಡುಕಬೇಕೇ ಅಥವಾ 1866ರದ್ದನ್ನು ಹಾಕಬಹುದೇ ಎಂದು ಕೇಳಿದ್ದೀರಿ. ಇಂಥದ್ದೇ ಲ್ಯಾಪ್‌ಟಾಪ್ ಇಟ್ಟುಕೊಂಡು ನಾನೂ ಈ ಎರಡು ವಿಷಯಗಳ ಹಿಂದೆಯೇ ಬಿದ್ದಿದ್ದೆ, ನೋಡಬೇಕಾಗಿದ್ದದ್ದು ಮೂರನೆಯದನ್ನು.

ಒಳಗಿದ್ದ ರ‍್ಯಾಮಿನ ಕಂಪನಿ ಯಾವುದೆಂದು ನೋಡಿ, ಅದೇ ಕಂಪನಿಯ 1600ರದ್ದನ್ನು ಬಹಳ ಹುಡುಕಾಡಿ ತರಿಸಿದೆ. ಸ್ಲಾಟಿನೊಳಗೆ ಓರೆಯಾಗಿ ತೂರಿಸಿ ಕೆಳಗೆ ಒತ್ತಿದಾಗ ಎರಡೂ ಬದಿಯ ಕ್ಲಿಪ್ಪುಗಳು ಟಕ್ಕೆಂದು ಹಿಡಿದುಕೊಂಡವು. ಪವರ್ ಬಟನ್ ಒತ್ತಿದರೆ ಫ್ಯಾನ್ ತಿರುಗಿತು, ದೀಪ ಹೊತ್ತಿತು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ತೆಗೆದು ಮತ್ತೆ ಹಾಕಿದೆ, ಹಳೆಯದನ್ನು ಬಿಚ್ಚಿಟ್ಟು ಹೊಸದೊಂದನ್ನೇ ಹಾಕಿದೆ, ಚಿನ್ನದ ಬಣ್ಣದ ಪಿನ್ನುಗಳನ್ನು ರಬ್ಬರಿನಿಂದ ಉಜ್ಜಿ ನೋಡಿದೆ. ಇಷ್ಟು ಸಲೀಸಾಗಿ ಕೂತ ರ‍್ಯಾಮ್ ಹೊಂದುವುದಿಲ್ಲವೆಂಬ ಯೋಚನೆಯೇ ಬಾರದ ಕಾರಣ, ಕೆಟ್ಟಿರುವುದು ಲ್ಯಾಪ್‌ಟಾಪಿನ ಸ್ಲಾಟೇ ಎಂದು ತೀರ್ಮಾನಿಸಿ ರಿಪೇರಿಗೆ ಕೊಟ್ಟೆ. ಅದು ಅಲ್ಲಿ ಸರದಿ ಕಾಯುತ್ತಿದ್ದಾಗಲೇ ರ‍್ಯಾಮ್ ಹಿಂದಿರುಗಿಸುವ ಅವಧಿಯೂ ಮುಗಿಯಿತು.

ಆದದ್ದೇನೆಂದರೆ, ಹಳೆಯದರ ಲೇಬಲ್ಲಿನಲ್ಲಿ ‘ಪಿಸಿ3ಎಲ್-12800ಎಸ್’ ಎಂದಿತ್ತು, ಹೊಸದರಲ್ಲಿ ‘ಪಿಸಿ3-12800ಎಸ್’ ಎಂದಿತ್ತು. ‘12800’ ಎಂಬುದು ಸೆಕೆಂಡಿಗೆ ಎಷ್ಟು ಮೆಗಾಬೈಟ್ ಸಾಗಬಹುದೆಂಬ ಲೆಕ್ಕ: 1600ನ್ನು 8 ಬೈಟುಗಳಿಂದ ಗುಣಿಸಿದರೆ ಬರುವ ಸಂಖ್ಯೆ. ಕೊನೆಯ ‘ಎಸ್’ ಲ್ಯಾಪ್‌ಟಾಪಿಗೆಂದೇ ಮಾಡಿದ ಸೋಡಿಮ್ ಎಂಬುದರ ಗುರುತು. ಈ ಎರಡನ್ನೂ ನಾನು ಸರಿಯಾಗಿಯೇ ಹೊಂದಿಸಿದ್ದೆ. ಬಿಟ್ಟುಹೋದದ್ದು ನಡುವಿನ ‘ಎಲ್’. ಅದಿದ್ದರೆ ರ‍್ಯಾಮ್ 1.35 ವೋಲ್ಟಿನಲ್ಲಿ ಕೆಲಸ ಮಾಡುತ್ತದೆ, ಇಲ್ಲದಿದ್ದರೆ 1.5 ವೋಲ್ಟ್ ಬೇಡುತ್ತದೆ. 2013ರಲ್ಲಿ ಬಂದ ಹ್ಯಾಸ್ವೆಲ್, ಅಂದರೆ ನಿಮ್ಮದೇ ನಾಲ್ಕನೆಯ ತಲೆಮಾರಿನ ಲ್ಯಾಪ್‌ಟಾಪ್ ಪ್ರೊಸೆಸರುಗಳು, ಹೀಗೆ ಸ್ಲಾಟಿಗೆ ಹಾಕುವ ರ‍್ಯಾಮ್‌ಗೆ ಕೊಡುವುದು 1.35 ವೋಲ್ಟ್ ಮಾತ್ರ. ಇದರ ಮುಂದಿನ ತಲೆಮಾರಿನ ಡಿಡಿಆರ್4 ರ‍್ಯಾಮ್ ಆಗಿದ್ದರೆ ಇಂಥ ಮೋಸ ಆಗುತ್ತಿರಲಿಲ್ಲ. ಅದಕ್ಕೆ 260 ಪಿನ್ನುಗಳಿದ್ದು ನಡುವಿನ ಸೀಳೂ ಬೇರೆ ಜಾಗದಲ್ಲಿರುವುದರಿಂದ ಈ ಸ್ಲಾಟಿಗೆ ಇಳಿಯುವುದೇ ಇಲ್ಲ. ಆದರೆ ಡಿಡಿಆರ್3 (ಲೇಬಲ್ಲಿನ ‘ಪಿಸಿ3’) ಮತ್ತು ಡಿಡಿಆರ್3ಎಲ್ (‘ಪಿಸಿ3ಎಲ್’) ಎರಡಕ್ಕೂ 204 ಪಿನ್ನುಗಳು, ಸೀಳಿರುವುದೂ ಒಂದೇ ಕಡೆ. ನನ್ನ ರ‍್ಯಾಮ್ ಕೆಟ್ಟಿರಲಿಲ್ಲ. ಗೆಳೆಯರೊಬ್ಬರ ಮೂರನೆಯ ತಲೆಮಾರಿನ ಲ್ಯಾಪ್‌ಟಾಪಿಗೆ ಹಾಕಿದ ಕೂಡಲೇ ಕೆಲಸ ಮಾಡಿತು. ಅಂದಹಾಗೆ, ಡಿಡಿಆರ್3ಎಲ್ ಸಾಮಾನ್ಯವಾಗಿ 1.5 ವೋಲ್ಟಿನಲ್ಲೂ ನಡೆಯುವುದರಿಂದ ಅದನ್ನು ಹಳೆಯ ಯಂತ್ರಕ್ಕೆ ಹಾಕಬಹುದು, ತಿರುಗಾಮುರುಗಾ ಮಾಡಲಾಗದು.

ಆದ್ದರಿಂದ ‘ಅದೇ ಕಂಪನಿ’ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಒಂದೇ ಕಂಪನಿ ಒಂದೇ ಹೆಸರಿನ ರ‍್ಯಾಮಿಗೆ ಬೇರೆ ಬೇರೆ ಕಾರ್ಖಾನೆಗಳ ಚಿಪ್ಪುಗಳನ್ನು ಬಳಸುವುದೂ ಉಂಟು. ಲೇಬಲ್ ಒಂದೇ ಆದ ಮಾತ್ರಕ್ಕೆ ಒಳಗಿರುವುದೂ ಒಂದೇ ಎನ್ನಲಾಗದು. ಮಾನದಂಡಕ್ಕೆ ಸರಿಯಾಗಿ ತಯಾರಾದ ಎರಡು ಕಂಪನಿಗಳ ರ‍್ಯಾಮ್‌ಗಳು ಬಹುತೇಕ ಜಗಳವಿಲ್ಲದೆ ಬಾಳುತ್ತವೆ. 1866ಕ್ಕೂ ಆಸೆಪಡಬೇಡಿ, ನಿಮ್ಮ ಹಳೆಯ ರ‍್ಯಾಮಿನ ಜೊತೆ ಅದೂ 1600ಕ್ಕೇ ಇಳಿಯುತ್ತದೆ.

ನನ್ನನ್ನು ಕೇಳಿದರೆ 8 ಜಿಬಿಯ ಒಂದು ಡಿಡಿಆರ್3ಎಲ್ ಸೋಡಿಮ್ ತನ್ನಿ, ಹಳೆಯ 4 ಜಿಬಿಯನ್ನೂ ಇರಗೊಡಿ. ಎರಡೂ ಸಮವಿರದಿದ್ದರೆ ಡ್ಯುಯಲ್ ಚಾನೆಲ್ (ಎರಡೂ ರ‍್ಯಾಮ್ ಜೋಡಿಯಾಗಿ ಒಟ್ಟಿಗೆ ಕೆಲಸ ಮಾಡುವ ವ್ಯವಸ್ಥೆ) ಪೂರ್ತಿ ಹೋಗುತ್ತದೆಂದು ಹೆದರಿಸುವವರಿದ್ದಾರೆ. ಹಾಗೇನಿಲ್ಲ: ಎರಡರಿಂದಲೂ 4 ಜಿಬಿಯಂತೆ ಒಟ್ಟು 8 ಜಿಬಿ ಜೋಡಿಯಾಗಿಯೇ ನಡೆಯುತ್ತದೆ, ಉಳಿದ 4 ಜಿಬಿ ಮಾತ್ರ ಒಂಟಿಯಾಗಿರುತ್ತದೆ. 16 ಜಿಬಿಯ ಒಂದೇ ಡಿಡಿಆರ್3ಎಲ್ ಸಿಕ್ಕಿತೆಂದು ಕೊಳ್ಳಬೇಡಿ. ಅದರಲ್ಲಿರುವ 8 ಗಿಗಾಬಿಟ್ ಚಿಪ್ಪುಗಳನ್ನು ನಿಮ್ಮ ಪ್ರೊಸೆಸರ್ ನಿಭಾಯಿಸುವುದಿಲ್ಲ, ಅದಕ್ಕೆ ಸ್ಲಾಟಿಗೆ 8 ಜಿಬಿಯೇ ಮಿತಿ. ವಿಂಡೋಸ್ 32 ಬಿಟ್ಟಿನದಾಗಿದ್ದರೆ 64 ಬಿಟ್ಟಿನದನ್ನು ಹಾಕಿಕೊಳ್ಳದೆ 4 ಜಿಬಿಗಿಂತ ಹೆಚ್ಚಿನದರ ಉಪಯೋಗ ಸಿಗುವುದಿಲ್ಲ.

ಆರ್ಡರ್ ಮಾಡುವ ಮೊದಲು ಚಾರ್ಜರ್ ತೆಗೆದು, ಕೆಳಗಿನ ಮುಚ್ಚಳ ತೆರೆದು, ಬ್ಯಾಟರಿಯ ಸಂಪರ್ಕ ಬಿಡಿಸಿ, ಹಳೆಯ ರ‍್ಯಾಮಿನ ಲೇಬಲ್ಲಿನ ಫೋಟೊ ತೆಗೆದುಕೊಳ್ಳಿ. ವಿಂಡೋಸಿನ ಟಾಸ್ಕ್ ಮ್ಯಾನೇಜರ್ ವೇಗವನ್ನೂ ಎಷ್ಟು ಸ್ಲಾಟ್ ತುಂಬಿವೆ ಎಂಬುದನ್ನೂ ಹೇಳುತ್ತದೆ, ವೋಲ್ಟೇಜನ್ನು ಹೇಳುವುದಿಲ್ಲ. ನಾನು ಅದೊಂದನ್ನೇ ನಂಬಿ, ಲೇಬಲ್ಲಿನಲ್ಲಿ ಕಂಪನಿಯ ಹೆಸರನ್ನಷ್ಟೇ ಓದಿದ್ದೆ. ಹೊಸದು ಬಂದ ಮೇಲೆ ಒಂದು ರಾತ್ರಿ ರ‍್ಯಾಮ್ ಪರೀಕ್ಷಿಸುವ ತಂತ್ರಾಂಶವಾದ ಮೆಮ್‌ಟೆಸ್ಟ್86 ಓಡಿಸಿ ನೋಡಿ, ಒಂದೇ ಒಂದು ದೋಷ ತೋರಿಸಿದರೂ ಅವಧಿ ಮುಗಿಯುವ ಮುಂಚೆ ಹಿಂದಿರುಗಿಸಿಬಿಡಿ.