ಪುಸ್ತಕ ಅನುವಾದಿಸಿದರೆ ಸಾಲದೇ?

(ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಅಲ್ಲಿನ ಮೂಲನಿವಾಸಿಗಳ ನುಡಿಯಾದ ಓಜಿಬ್ವೆ ಭಾಷೆಯಲ್ಲೇ ಪಾಠ ಹೇಳುವ ವಾಡೂಕೊಡಾಡಿಂಗ್ ಶಾಲೆಯ ಕುರಿತ ನಮ್ಮ ಲೇಖನ ಓದಿ ಶಿರಸಿಯ ನಿವೃತ್ತ ಶಿಕ್ಷಕರೊಬ್ಬರು ಕೇಳಿದ್ದಾರೆ: “ಇಂಗ್ಲಿಷ್ ಪಠ್ಯವನ್ನೇ ಅನುವಾದಿಸಿಕೊಂಡರೆ ಸಾಲದೇ? ಹೊಸ ಪಠ್ಯಕ್ರಮದ ಉಸಾಬರಿ ಏಕೆ? ಕಾಡಿನಲ್ಲಿ ಪಾಕ ಕಾಯಿಸುತ್ತ ಕುಳಿತರೆ ಗಣಿತ ಕಲಿಯುವುದು ಯಾವಾಗ?”)

ಮಾನ್ಯರೇ,

‘ಸಜೀವ ಮತ್ತು ನಿರ್ಜೀವ ವಸ್ತುಗಳು’ ಎಂಬ ಪಾಠವನ್ನು ನೀವು ಎಷ್ಟು ಸಲ ಮಾಡಿದ್ದೀರೋ! ಅದನ್ನೇ ಓಜಿಬ್ವೆಗೆ ತರಲು ಹೊರಡಿ. ಆ ಭಾಷೆಯಲ್ಲಿ ನಾಮಪದಗಳು ಸಚೇತನ, ಅಚೇತನ ಎಂದು ಎರಡು ಬಗೆ. ಕ್ರಿಯಾಪದವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ದೋಣಿಯನ್ನು ನೋಡಿದರೆ ‘ನಿವಾಬಂದಾನ್’. ಕಲ್ಲನ್ನು ನೋಡಿದರೆ ‘ನಿವಾಬಮಾ’, ಅಂದರೆ ಮನುಷ್ಯನನ್ನು ನೋಡಿದಾಗ ಆಡುವ ಮಾತೇ. ಕಲ್ಲು ನಿರ್ಜೀವ ಎಂದು ಪಾಠ ಹೇಳುವಾಗ ವ್ಯಾಕರಣ ತಲೆಯಾಡಿಸಿ ಒಲ್ಲೆ ಎನ್ನುತ್ತದೆ. ಹಾಗೆಂದು ‘ಎಲ್ಲದರಲ್ಲೂ ಜೀವ ಕಾಣುವ ಜನ’ ಎಂದು ನಾವು ಭಾವುಕರಾಗುವುದೂ ಬೇಡ: ಅಲ್ಲಿ ರಾಸ್ಪ್‌ಬೆರಿ ಸಚೇತನ, ಸ್ಟ್ರಾಬೆರಿ ಅಚೇತನ! ಈ ಗಂಟನ್ನು ಬಿಡಿಸುವ ಪಾಠವನ್ನು ಆ ಭಾಷೆಯೊಳಗೇ ಕುಳಿತು ಬರೆಯಬೇಕು.

ಇನ್ನು ಗಣಿತ. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ಮಾರ್ಚ್–ಏಪ್ರಿಲ್ ದಿನಗಳಲ್ಲಿ ಮೇಪಲ್ ಮರ ಕೊರೆದು ನಳಿಗೆ ಸಿಕ್ಕಿಸಿದರೆ ತೊಟ್ಟು ತೊಟ್ಟಾಗಿ ರಸ ಇಳಿಯುತ್ತದೆ. ಅದು ನಿಮ್ಮೂರ ಆಲೆಮನೆಯ ಕಬ್ಬಿನ ಹಾಲಿನಂತಲ್ಲ, ಬರೀ ನೀರಿನಷ್ಟು ತೆಳು. ಸುಮಾರು 40 ಲೀಟರ್ ಕುದಿಸಿದರೆ 1 ಲೀಟರ್ ಪಾಕ. ಎಷ್ಟು ಬಕೆಟ್ ತಂದೆವು, ಎಷ್ಟು ಉಳಿಯಿತು, ಮಿಕ್ಕಿದ್ದು ಎಲ್ಲಿ ಹೋಯಿತು? ಅನುಪಾತವೂ ಆವಿಯೂ ಒಂದೇ ಒಲೆಯ ಮುಂದೆ ಕಲಿತಂತಾಯಿತು. ಏಪ್ರಿಲ್‌ಗೆ ಅವರಲ್ಲಿ ‘ರಸ ಕುದಿಸುವ ತಿಂಗಳು’ ಎಂದೇ ಹೆಸರು. ವೇಳಾಪಟ್ಟಿಯನ್ನೂ ಋತುವೇ ಬರೆಯುತ್ತದೆ. ಪುರಾಣಕಥೆಗಳನ್ನು ಹೇಳುವುದು ನೆಲದ ಮೇಲೆ ಹಿಮವಿದ್ದಾಗ ಮಾತ್ರ. ಜೂನ್‌ನಲ್ಲಿ ‘ಪಾಠ 4’ ಎಂದು ತೆರೆಯುವಂತಿಲ್ಲ.

ನಿಜವಾದ ಕಷ್ಟ ನೀವು ಕೇಳದೇ ಬಿಟ್ಟದ್ದರಲ್ಲಿದೆ: ಪಾಠ ಹೇಳುವವರು ಯಾರು? 1879ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ಶುರುವಾದ ಮಾದರಿಯ ವಸತಿ ಶಾಲೆಗಳು ಮೂಲನಿವಾಸಿಗಳ ಮಕ್ಕಳನ್ನು ಮನೆಯಿಂದ ದೂರ ಒಯ್ದು, ತಾಯ್ನುಡಿ ಆಡಿದರೆ ಶಿಕ್ಷಿಸಿದವು. ಪೆಟ್ಟು ತಿಂದವರು ತಮ್ಮ ಮಕ್ಕಳಿಗೆ ಭಾಷೆ ಕಲಿಸಲು ಅಂಜಿದರು. ಹಾಗಾಗಿ ಇಂದಿನ ಶಿಕ್ಷಕರಲ್ಲಿ ಎಷ್ಟೋ ಮಂದಿ ದೊಡ್ಡವರಾದ ಮೇಲೆ ಹಿರಿಯರ ಬಳಿ ಕುಳಿತು ಅದನ್ನು ಕಲಿತವರು.

ಕೊನೆಗೆ, ‘ಅನಿಶಿನಾಬೆ’, ‘ಓಜಿಬ್ವೆ’ ಎರಡೂ ಒಂದೆಯೇ ಎಂಬ ನಿಮ್ಮ ಗೊಂದಲಕ್ಕೆ ನಾವೇ ಕಾರಣ. ಅನಿಶಿನಾಬೆ ಎಂಬುದು ಓಜಿಬ್ವೆ, ಒಡಾವಾ, ಪೊಟವಾಟಮಿ ಮೊದಲಾದ ಬಳಗಗಳ ಒಟ್ಟು ಹೆಸರು. ಲೇಖನದಲ್ಲಿ ಎರಡನ್ನೂ ಕಲಸಿಬಿಟ್ಟೆವು, ಕ್ಷಮೆಯಿರಲಿ.

– ಸಂ.