ನ್ಯುಮೋನಿಯಾದಿಂದ ಈಗಷ್ಟೇ ಸುಧಾರಿಸಿಕೊಳ್ಳುತ್ತಿದ್ದೇನೆ, ನವೆಂಬರಿನಲ್ಲಿ ದೆಹಲಿಗೆ ವರ್ಗಾವಣೆ. ಅಲ್ಲಿ ಯಾವ ಏರಿಯಾದಲ್ಲಿ ಗಾಳಿ ಚೆನ್ನಾಗಿದೆ?

ಡಿಸ್ಚಾರ್ಜ್ ಆಗಿ ಐದು ವಾರ, ಒಂದು ಮಹಡಿ ಹತ್ತಿದರೆ ಏದುಸಿರು, ಕೈಯಲ್ಲಿ ದೆಹಲಿಯ ಆರ್ಡರ್ ಅಂತ ಬರೆದಿದ್ದೀರಿ. ಇದೇ ಸ್ಥಿತಿಯಲ್ಲಿ ನಾನು ಸಾಗರದಿಂದ ಹೊರಟಿದ್ದೆ. ಬಲ ಶ್ವಾಸಕೋಶದ ಕೆಳಭಾಗದಲ್ಲಿ ನ್ಯುಮೋನಿಯಾ, ಒಂಬತ್ತು ದಿನ ಆಸ್ಪತ್ರೆ, ಆರನೇ ವಾರಕ್ಕೆ ದೆಹಲಿಯ ಆರ್.ಕೆ. ಪುರಂನಲ್ಲಿ ಬಾಡಿಗೆ ಮನೆ. ಹೊರಡುವ ಮುಂಚೆ ನಾನೂ ಕಂಡಕಂಡವರನ್ನೆಲ್ಲ ಕೇಳಿದ್ದು ಏರಿಯಾದ ಬಗ್ಗೆಯೇ. ಆ ಪ್ರಶ್ನೆಯನ್ನು ದಯವಿಟ್ಟು ಬಿಡಿ. ಯಾವ ತಿಂಗಳು ಹೋಗಬೇಕು, ಮಲಗುವ ಕೋಣೆಯನ್ನು ಹೇಗೆ ಸಿದ್ಧ ಮಾಡಬೇಕು ಅಂತ ಕೇಳಿ.

ಲೋಧಿ ರೋಡಿನ ಗಾಳಿ ಅಳೆಯುವ ಸ್ಟೇಷನ್ನಿನ ಎಕ್ಯೂಐ (ಗಾಳಿ ಎಷ್ಟು ಕೆಟ್ಟಿದೆ ಅಂತ ಹೇಳುವ ಸೂಚ್ಯಂಕ) ಅಂಕಿ ಆನಂದ್ ವಿಹಾರ್, ಜಹಾಂಗೀರ್‌ಪುರಿ, ಬವಾನಾಗಳಿಗಿಂತ ಸಾಮಾನ್ಯವಾಗಿ ಕಡಿಮೆ ಇರುತ್ತದೆ, ನಿಜ. ಆದರೆ ನವೆಂಬರಿನಲ್ಲಿ ಒಂದು ಕಡೆ 330, ಇನ್ನೊಂದು ಕಡೆ 420 ಇದ್ದರೆ ನಿಮ್ಮ ಎದೆಗೆ ಅದರಿಂದ ಯಾವ ಉಪಕಾರವೂ ಇಲ್ಲ. 2024ರ ನವೆಂಬರ್ 18ರಂದು ಇಡೀ ದೆಹಲಿಯ 24 ಗಂಟೆಗಳ ಸರಾಸರಿ ಎಕ್ಯೂಐ 494 ಇತ್ತು. ಆ ಮಾಪಕ ಮುಗಿಯುವುದೇ 500ಕ್ಕೆ. ಮನೆ ಹುಡುಕುವಾಗ ಏರಿಯಾಕ್ಕಿಂತ ಅಕ್ಕಪಕ್ಕ ಏನಿದೆ ಅಂತ ನೋಡಿ: ಕೆಳಗೆ ತಂದೂರಿನ ಢಾಬಾ, ಎದುರಿಗೆ ಕಟ್ಟಡ ಕೆಲಸ, ಹಿಂದೆ ಡೀಸೆಲ್ ಜನರೇಟರ್, ಕಿಟಕಿಯ ಕೆಳಗೆ ವಾಚ್‌ಮನ್ ರಾತ್ರಿ ಬೆಂಕಿ ಕಾಯಿಸುವ ಜಾಗ. ಇವು ಇಲ್ಲದಿದ್ದರೆ ಸಾಕು.

ನನ್ನನ್ನು ಮತ್ತೆ ಹಾಸಿಗೆ ಹಿಡಿಸಿದ್ದು ಬೆಳಗಿನ ವಾಕಿಂಗ್. ಇದನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ನೀವೂ ಇದನ್ನೇ ಮಾಡುತ್ತೀರಿ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಊರಿನ ಡಾಕ್ಟರು ಚೀಟಿಯಲ್ಲಿ ‘ದಿನಾ ಬೆಳಿಗ್ಗೆ 30–40 ನಿಮಿಷ ನಡಿಗೆ’ ಅಂತ ಬರೆದಿದ್ದರು. ಸಾಗರದ ಮಟ್ಟಿಗೆ ಅದು ಸರಿಯಾದ ಸಲಹೆ. ಬೆಳಗಿನ ಗಾಳಿ ಶುದ್ಧ ಅನ್ನುವುದು ನಮಗೆ ಹುಟ್ಟಿದಾಗಿನಿಂದ ಕಿವಿಗೆ ಬಿದ್ದ ಮಾತು. ನಾನು ಆರು ಗಂಟೆಗೆ ಎದ್ದು, ಮಫ್ಲರ್ ಸುತ್ತಿಕೊಂಡು, ಪಕ್ಕದ ಪಾರ್ಕಿನಲ್ಲಿ ಬೀಸುಹೆಜ್ಜೆ ಹಾಕಿದೆ. ಕೊನೆಗೆ ಬೆಂಚಿನ ಮೇಲೆ ಕೂತು ಕಪಾಲಭಾತಿ ಬೇರೆ. ಹನ್ನೊಂದನೇ ದಿನ ಎದೆಯಲ್ಲಿ ಸುಂಯ್ ಸದ್ದು, ರಾತ್ರಿಯಿಡೀ ಕೆಮ್ಮು. ಎಕ್ಸ್‌ರೇಯಲ್ಲಿ ಹೊಸ ಸೋಂಕು ಇರಲಿಲ್ಲ, ಶ್ವಾಸನಾಳಗಳು ಊದಿಕೊಂಡಿದ್ದವು. ನೆಬ್ಯುಲೈಸರ್, ಆಮೇಲೆ ಐದು ವಾರ ಇನ್ಹೇಲರ್, ಹತ್ತೊಂಬತ್ತು ದಿನ ರಜೆ.

ಉತ್ತರ ಭಾರತದ ಚಳಿಗಾಲದಲ್ಲಿ ಬೆಳಗಿನ ಗಾಳಿಯೇ ದಿನದ ಕೆಟ್ಟ ಗಾಳಿಗಳಲ್ಲೊಂದು. ರಾತ್ರಿ ನೆಲ ತಣ್ಣಗಾದಂತೆ ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ. ಅದರ ಮೇಲೆ ಬೆಚ್ಚಗಿನ ಗಾಳಿಯ ಪದರ ಪಾತ್ರೆಗೆ ಮುಚ್ಚಳ ಮುಚ್ಚಿದ ಹಾಗೆ ಕೂರುತ್ತದೆ. ಬೀಸುಗಾಳಿಯೂ ಇರುವುದಿಲ್ಲ. ರಾತ್ರಿ ಓಡಾಡುವ ಲಾರಿಗಳ ಹೊಗೆ, ಬೀದಿಯ ಬೆಂಕಿ, ಆ ದಿನಗಳಲ್ಲಿ ಪಂಜಾಬ್–ಹರಿಯಾಣದ ಭತ್ತದ ಕೂಳೆ ಸುಟ್ಟ ಹೊಗೆ, ಎಲ್ಲವೂ ಆ ಮುಚ್ಚಳದ ಕೆಳಗೇ. ಬಿಸಿಲೇರಿ ನೆಲ ಕಾದ ಮೇಲೆ ಮುಚ್ಚಳ ಮೇಲೇಳುತ್ತದೆ, ಅಷ್ಟೇ ಹೊಗೆ ಹೆಚ್ಚು ಎತ್ತರಕ್ಕೆ ಹರಡಿ ತೆಳುವಾಗುತ್ತದೆ. ಅದಕ್ಕೇ ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆ ಇದ್ದುದರಲ್ಲಿ ವಾಸಿ.

ಮೊಬೈಲಿನ ಅಂಕಿ ನೋಡಿಯೇ ಹೋಗುತ್ತಿದ್ದೆ. ನೋಡುತ್ತಿದ್ದುದು ಹಿಂದಿನ ದಿನ ಸಂಜೆ ನಾಲ್ಕಕ್ಕೆ ಬರುವ ಬುಲೆಟಿನ್. ಅದು 24 ಗಂಟೆಗಳ ಸರಾಸರಿ. ಮಧ್ಯಾಹ್ನದ ಕಡಿಮೆ ಅಂಕಿ ಬೆಳಗಿನ ಹೆಚ್ಚಿನ ಅಂಕಿಯನ್ನು ಅದರಲ್ಲಿ ಮುಚ್ಚಿಹಾಕುತ್ತದೆ. ನೀವು ನೋಡಬೇಕಾದ್ದು ಹತ್ತಿರದ ಸ್ಟೇಷನ್ನಿನ ಗಂಟೆಗಂಟೆಯ ಪಿಎಂ 2.5 (ಗಾಳಿಯಲ್ಲಿ ತೇಲುವ ಅತಿ ಸಣ್ಣ ಕಣಗಳು) ಅಂಕಿ, ಮೈಕ್ರೋಗ್ರಾಂ ಲೆಕ್ಕದಲ್ಲಿ. ನಮ್ಮ ದೇಶದ ಎಕ್ಯೂಐನಲ್ಲಿ 100 ಅಂದರೆ ಪಿಎಂ 2.5 ಘನಮೀಟರಿಗೆ 60 ಮೈಕ್ರೋಗ್ರಾಂ, 300 ಅಂದರೆ 120, 400 ಅಂದರೆ 250. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ 24 ಗಂಟೆಗೆ ಹೇಳಿದ ಮಿತಿ 15. ಹಾಗಾಗಿ ಆ್ಯಪಿನಲ್ಲಿ ಹಸಿರು ಬಣ್ಣ, ‘ತೃಪ್ತಿಕರ’ ಅನ್ನುವ ಪದ ನೋಡಿ ಮೋಸ ಹೋಗಬೇಡಿ.

ನಡಿಗೆಯ ಲೆಕ್ಕವನ್ನೂ ನೋಡಿ. ಸುಮ್ಮನೆ ಕೂತವರು ನಿಮಿಷಕ್ಕೆ ಸುಮಾರು 7 ಲೀಟರ್ ಗಾಳಿ ಎಳೆದುಕೊಳ್ಳುತ್ತಾರೆ. ಬಿರುಸಾಗಿ ನಡೆದರೆ 28 ಅಂತಿಟ್ಟುಕೊಳ್ಳಿ. 40 ನಿಮಿಷಕ್ಕೆ 1,120 ಲೀಟರ್, ಅಂದರೆ ಒಂದು ಘನಮೀಟರಿಗಿಂತ ಸ್ವಲ್ಪ ಹೆಚ್ಚು. ಹೊರಗೆ ಪಿಎಂ 2.5 ಅಂಕಿ 350 ಇದ್ದರೆ ಒಳಗೆ ಹೋಗುವುದು ಹತ್ತಿರಹತ್ತಿರ 390 ಮೈಕ್ರೋಗ್ರಾಂ. ಅದೇ 40 ನಿಮಿಷ 40 ಅಂಕಿಯಿರುವ ಕೋಣೆಯಲ್ಲಿ ಕೂತಿದ್ದರೆ 11. ಮೂವತ್ತೈದು ಪಟ್ಟು ವ್ಯತ್ಯಾಸ! ಏದುಸಿರು ಬಂದಾಗ ಬಾಯಿಯಿಂದ ಉಸಿರಾಡುತ್ತೇವೆ, ಮೂಗು ಮಾಡುವ ಸೋಸುವಿಕೆಯೂ ತಪ್ಪುತ್ತದೆ. ನ್ಯುಮೋನಿಯಾ ಆದ ಮೇಲೆ ಕಫವನ್ನು ಮೇಲಕ್ಕೆ ತಳ್ಳುವ ಸಣ್ಣ ರೋಮಗಳು ಇನ್ನೂ ಸರಿಯಾಗಿರುವುದಿಲ್ಲ, ಒಳಗೆ ಹೋದದ್ದು ಅಲ್ಲೇ ಉಳಿಯುತ್ತದೆ. ಗುಣವಾಗಲಿ ಅಂತ ಮಾಡಿದ ವ್ಯಾಯಾಮವೇ ನನ್ನ ಎದೆಗೆ ಹೊಗೆ ತುಂಬಿತು.

ಆದ್ದರಿಂದ ನನ್ನ ಮೊದಲ ಮಾತು, ನವೆಂಬರಿನಲ್ಲಿ ಹೋಗಲೇಬೇಡಿ. ನ್ಯುಮೋನಿಯಾದ ನಂತರ ಸಾಮಾನ್ಯವಾಗಿ ನಾಲ್ಕು ವಾರಕ್ಕೆ ಕಫ ಕಡಿಮೆಯಾಗುತ್ತದೆ, ಆರು ವಾರಕ್ಕೆ ಕೆಮ್ಮು ತಗ್ಗುತ್ತದೆ, ಮೂರು ತಿಂಗಳಿಗೆ ಸುಸ್ತು ಬಿಟ್ಟು ಮಿಕ್ಕಿದ್ದೆಲ್ಲ ಹೋಗುತ್ತದೆ. ಆ ಮೂರು ತಿಂಗಳು ಮುಗಿದು, ಫೆಬ್ರವರಿ ಕೊನೆಯ ಹೊತ್ತಿಗೆ ದೆಹಲಿಯ ಗಾಳಿಯೂ ಸುಧಾರಿಸಿರುತ್ತದೆ. ಕೆಲಸಕ್ಕೆ ಸೇರುವ ದಿನಾಂಕ ಮುಂದೂಡಲು ಪತ್ರ ಕೊಡಿ. ಡಾಕ್ಟರ ಸರ್ಟಿಫಿಕೇಟಿನಲ್ಲಿ ‘ವಿಶ್ರಾಂತಿ ಅಗತ್ಯ’ ಅಂತಷ್ಟೇ ಇದ್ದರೆ ಕಚೇರಿಯಿಂದ ವಾಪಸ್ ಬರುತ್ತದೆ. ಕಾಯಿಲೆಯ ಹೆಸರು, ದಾಖಲಾದ ಮತ್ತು ಡಿಸ್ಚಾರ್ಜ್ ಆದ ದಿನ, ಮುಂದಿನ ಎಕ್ಸ್‌ರೇಯ ದಿನ, ಎಂದಿನಿಂದ ಎಂದಿನವರೆಗೆ ರಜೆ ಬೇಕು, ಇಷ್ಟೂ ಇರಬೇಕು. ಮೇಲಧಿಕಾರಿ ಏನಂದುಕೊಳ್ಳುತ್ತಾರೋ ಅನ್ನುವ ಸಂಕೋಚ ಬೇಡ. ನಾನು ಸಂಕೋಚಪಟ್ಟು ಹೋದೆ, ಮುಂದೂಡಿದ್ದರೆ ಸುಖವಾಗಿ ಕಳೆಯುತ್ತಿದ್ದ ರಜೆಯನ್ನು ಅಲ್ಲಿ ನೆಬ್ಯುಲೈಸರ್ ಹಿಡಿದುಕೊಂಡು ಕಳೆದೆ.

ಮುಂದೂಡಲು ಆಗಲೇ ಇಲ್ಲ ಅಂದರೆ, ಇಡೀ ಮನೆಯನ್ನು ಶುದ್ಧ ಮಾಡುವ ಆಸೆ ಬಿಟ್ಟು ಮಲಗುವ ಕೋಣೆಯೊಂದನ್ನು ಹಿಡಿದುಕೊಳ್ಳಿ. 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ 1,440 ಘನ ಅಡಿ, ಅಂದರೆ ಸುಮಾರು 41 ಘನಮೀಟರ್ ಗಾಳಿ. ಅದು ಗಂಟೆಗೆ ಐದು ಸಲ ಏರ್ ಪ್ಯೂರಿಫೈಯರಿನೊಳಗೆ ಹಾದುಹೋಗಬೇಕು, ಅಂದರೆ ಗಂಟೆಗೆ 205 ಘನಮೀಟರ್ ಸಿಎಡಿಆರ್ (ಮಷೀನ್ ಗಂಟೆಗೆ ಸೋಸಿಕೊಡುವ ಗಾಳಿಯ ಪ್ರಮಾಣ). ಆದರೆ ಡಬ್ಬದ ಮೇಲಿನ ಸಿಎಡಿಆರ್ ಅತಿ ಹೆಚ್ಚಿನ ವೇಗದ್ದು. ಆ ಸದ್ದಿನಲ್ಲಿ ಯಾರೂ ಮಲಗಲಾರರು. ರಾತ್ರಿಯ ‘ಸ್ಲೀಪ್’ ವೇಗದಲ್ಲಿ ಅದರ ಮೂರನೇ ಒಂದು ಭಾಗ ಸಿಕ್ಕರೆ ಹೆಚ್ಚು. ಆದ್ದರಿಂದ 350–400 ಇರುವ ಮಷೀನ್ ತಂದು ನಡುವಿನ ವೇಗದಲ್ಲಿ ದಿನದ 24 ಗಂಟೆಯೂ ಓಡಿಸಿ. ಅಯಾನೈಸರ್ ಬಟನ್ ಇದ್ದರೆ ಆರಿಸಿಡಿ, ಕೆಲವು ಎದೆಗೆ ಕೆಡುಕಾದ ಓಝೋನ್ ಬಿಡುತ್ತವೆ. ಗೋಡೆಯಿಂದ ಒಂದಡಿ ದೂರ, ಮಂಚದ ತಲೆಯ ಕಡೆ ಇಡಿ. ಇನ್ನೊಂದು: ಹೊಸ ಮಷೀನಿನ ಮುಚ್ಚಳ ತೆಗೆದು ಒಳಗಿನ ಫಿಲ್ಟರನ್ನು ಹೊರಗೆಳೆದು ನೋಡಿ. ಅದು ಪ್ಲಾಸ್ಟಿಕ್ ಚೀಲದೊಳಗೇ ಇರುತ್ತದೆ. ನಮ್ಮ ಪಕ್ಕದ ಮನೆಯವರು ಆ ಚೀಲ ತೆಗೆಯದೆ ಎರಡು ತಿಂಗಳು ಓಡಿಸಿದ್ದರು.

ಮಷೀನಿನಷ್ಟೇ ಮುಖ್ಯ ಸಂದು ಮುಚ್ಚುವುದು. ಹೊರಗೆ ಪಿಎಂ 2.5 ಅಂಕಿ 300 ಇದೆ ಅಂತಿಟ್ಟುಕೊಳ್ಳಿ. ಸಂದುಗಳಿಂದ ಗಂಟೆಗೊಮ್ಮೆ ಕೋಣೆಯ ಗಾಳಿಯೆಲ್ಲ ಬದಲಾಗುತ್ತಿದ್ದು, ಮಷೀನ್ ಮೂರು ಸಲ ಸೋಸಿದರೆ ಒಳಗೆ 75ಕ್ಕೆ ನಿಲ್ಲುತ್ತದೆ. ಸಂದು ಮುಚ್ಚಿ ಸೋರಿಕೆಯನ್ನು ಅರ್ಧಕ್ಕಿಳಿಸಿ, ಐದು ಸಲ ಸೋಸಿದರೆ 27ಕ್ಕೆ. ಊದುಬತ್ತಿ ಹಚ್ಚಿ ಕಿಟಕಿಯ ಅಂಚಿಗೆ, ಬಾಗಿಲ ಕೆಳಗೆ ನಿಧಾನವಾಗಿ ಸರಿಸುತ್ತಾ ಹೋಗಿ. ಹೊಗೆ ಎಲ್ಲಿ ಬಾಗುತ್ತದೋ ಅಲ್ಲಿ ಸೋರಿಕೆ. ಗುರುತು ಮಾಡಿಕೊಂಡು ಊದುಬತ್ತಿ ಆರಿಸಿಬಿಡಿ. ಆಮೇಲೆ ಆ ಕೋಣೆಯಲ್ಲಿ ಊದುಬತ್ತಿ, ಸೊಳ್ಳೆ ಬತ್ತಿ ಎರಡೂ ಬೇಡ. ಸ್ಲೈಡಿಂಗ್ ಕಿಟಕಿಯ ಅಂಚಿಗೆ ಫೋಮ್ ಟೇಪ್, ಬಾಗಿಲ ಕೆಳಗೆ ರಬ್ಬರ್ ಪಟ್ಟಿ ಅಥವಾ ಸುತ್ತಿದ ಟವೆಲ್. ದೆಹಲಿಯ ಹಳೇ ಮನೆಗಳಲ್ಲಿ ಬೇಸಿಗೆಯ ಕೂಲರ್ ಕೂರಿಸಲು ಕಿಟಕಿಯಲ್ಲಿ ದೊಡ್ಡ ತೂತು ಬಿಟ್ಟು ಪ್ಲೈವುಡ್ ಹೊಡೆದಿರುತ್ತಾರೆ. ನಮ್ಮ ಮನೆಯಲ್ಲಿ ಅತಿ ಹೆಚ್ಚು ಹೊಗೆ ಬರುತ್ತಿದ್ದುದು ಅಲ್ಲಿಂದಲೇ. ದಪ್ಪ ಪಾಲಿಥಿನ್ ಹಾಳೆಯನ್ನು ಎರಡು ಪದರ ಮಾಡಿ ಸುತ್ತಲೂ ಟೇಪ್ ಅಂಟಿಸಿದೆ. ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಇದ್ದರೆ ಅಲ್ಲಿನ ವೆಂಟಿಲೇಟರನ್ನು ಮಾತ್ರ ಎಂದೂ ಮುಚ್ಚಬೇಡಿ, ಕಾರ್ಬನ್ ಮೊನಾಕ್ಸೈಡ್ ಕೆಲವೇ ನಿಮಿಷಗಳಲ್ಲಿ ಕೊಲ್ಲಬಹುದು. ಅದೇ ಕಾರಣಕ್ಕೆ ಕೆಂಡದ ಅಂಗೀಠಿಯನ್ನೂ ಒಳಗೆ ತರಬೇಡಿ, ಚಳಿಗೆ ಎಣ್ಣೆ ತುಂಬಿದ ರೇಡಿಯೇಟರ್ ಹೀಟರ್ ಸಾಕು. ಮುಚ್ಚಿದ ಕೋಣೆಯಲ್ಲಿ ಉಸಿರು ಕಟ್ಟಿದಂತಾಗಬಾರದು, ಮಧ್ಯಾಹ್ನ ಮೂರರ ಸುಮಾರಿಗೆ ಹದಿನೈದು ನಿಮಿಷ ಕಿಟಕಿ ತೆರೆಯಿರಿ.

ಅಡುಗೆಮನೆಯಲ್ಲಿ ಒಣಮೆಣಸಿನಕಾಯಿಯ ಒಗ್ಗರಣೆ ಬಿದ್ದರೆ ನಮ್ಮ ಕೋಣೆಯ ಮೀಟರ್ 30ರಿಂದ 280ಕ್ಕೆ ಏರುತ್ತಿತ್ತು, ಇಳಿಯಲು ಇಪ್ಪತ್ತೈದು ನಿಮಿಷ. ಒಗ್ಗರಣೆಗೆ ಮುಂಚೆ ಮಲಗುವ ಕೋಣೆಯ ಬಾಗಿಲು ಹಾಕಿ. ಎಕ್ಸಾಸ್ಟ್ ಫ್ಯಾನನ್ನು ಕರಿಯುವ, ಹುರಿಯುವ ಹೊತ್ತು ಮತ್ತು ನಂತರ ಹತ್ತು ನಿಮಿಷ ಮಾತ್ರ ಓಡಿಸಿ. ಸುಮ್ಮನೆ ಓಡುತ್ತಿದ್ದರೆ ಅದು ಎಳೆದು ಹಾಕಿದಷ್ಟೇ ಹೊರಗಿನ ಗಾಳಿ ಸಂದುಗಳಿಂದ ಒಳಗೆ ಬರುತ್ತದೆ. ಮನಿ ಪ್ಲಾಂಟ್ ಕುಂಡ ಕೋಣೆಯ ಗಾಳಿ ಸೋಸುವುದಿಲ್ಲ. ಬೆಲ್ಲ ತಿಂದರೆ ಶ್ವಾಸಕೋಶ ತೊಳೆದುಹೋಗುತ್ತದೆ ಅಂತ ಅಲ್ಲಿ ಎಲ್ಲರೂ ಹೇಳುತ್ತಾರೆ, ರುಚಿಗೆ ತಿನ್ನಿ, ಅದನ್ನು ನಂಬಿ ಮಾಸ್ಕ್ ಬಿಡಬೇಡಿ.

ಮಾಸ್ಕ್ ಅಂದರೆ ಎನ್95, ಕಿವಿಗೆ ಸಿಕ್ಕಿಸುವ ದಾರದ್ದಲ್ಲ, ತಲೆಯ ಹಿಂದೆ ಎರಡು ಪಟ್ಟಿ ಬರುವಂಥದ್ದು. ಮೂಗಿನ ಮೇಲಿನ ಪಟ್ಟಿಯನ್ನು ಎರಡೂ ಕೈಯ ಬೆರಳುಗಳಿಂದ ಒತ್ತಿ. ಜೋರಾಗಿ ಉಸಿರು ಬಿಟ್ಟಾಗ ಕಣ್ಣಿನ ಕಡೆ ಗಾಳಿ ತಾಗಿದರೆ ಕೂತಿಲ್ಲ ಅಂತ ಅರ್ಥ. ಗಡ್ಡವಿದ್ದರೆ ಬೋಳಿಸಿ. ಮಾಸ್ಕನ್ನು ಒಗೆಯಬೇಡಿ. ಆಟೋಗಿಂತ ಮೆಟ್ರೋ ಮೇಲು, ಅಲ್ಲೂ ಮಾಸ್ಕ್ ತೆಗೆಯಬೇಡಿ. ಮಾಸ್ಕ್ ಹಾಕಿಕೊಂಡು ಬಿರುಸಾಗಿ ನಡೆಯುವ ಸಾಹಸ ಈಗ ಬೇಡ, ಸುಧಾರಿಸಿಕೊಳ್ಳುತ್ತಿರುವ ಎದೆಗೆ ಆ ಎಳೆತ ಕಷ್ಟ.

ನಡಿಗೆ ಬಿಡಲೂಬಾರದು. ಆ ಗಂಟೆಯ ಪಿಎಂ 2.5 ಅಂಕಿ 60ರ ಒಳಗಿದ್ದರೆ ಹೊರಗೆ, 60ರಿಂದ 120 ಇದ್ದರೆ ಮಧ್ಯಾಹ್ನ ನಿಧಾನವಾಗಿ ಹದಿನೈದು ನಿಮಿಷ, ಅದಕ್ಕಿಂತ ಹೆಚ್ಚಿದ್ದರೆ ಕೋಣೆಯೊಳಗೇ ನಡೆಯುವುದು, ಇದು ನಾನು ಆಮೇಲೆ ಪಾಲಿಸಿದ ಕ್ರಮ. ನಿಮ್ಮ ಡಾಕ್ಟರಿಗೆ ತೋರಿಸಿ ಬೇಕಾದರೆ ಬದಲಿಸಿಕೊಳ್ಳಿ. ಪ್ರಾಣಾಯಾಮವೂ ಒಳಗೇ. ಫ್ಲೂ ಮತ್ತು ನ್ಯುಮೋಕಾಕಲ್ ಲಸಿಕೆಗಳ ಬಗ್ಗೆಯೂ ಊರಿನಲ್ಲೇ ಕೇಳಿಕೊಳ್ಳಿ.

ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಈಗಲೇ ಕೊಂಡು, ಹೊರಡುವ ಮುಂಚೆ ಒಂದು ವಾರ ಕೂತಿದ್ದಾಗ ಎಷ್ಟು, ಆರು ನಿಮಿಷ ನಡೆದ ಕೂಡಲೇ ಎಷ್ಟು ಅಂತ ಬರೆದಿಡಿ. ದೆಹಲಿಯ ಚಳಿಗೆ ಬೆರಳು ತಣ್ಣಗಾಗಿ ಸುಳ್ಳು ಅಂಕಿ ತೋರಿಸುತ್ತದೆ. ಅಂಗೈ ಉಜ್ಜಿ ಬಿಸಿ ಮಾಡಿಕೊಂಡು, ಅಂಕಿ ಸ್ಥಿರವಾಗುವ ತನಕ ಅರ್ಧ ನಿಮಿಷ ಕಾಯಿರಿ. ನಡೆದ ಮೇಲೆ ನಾಲ್ಕು ಅಂಕಿ ಇಳಿದರೆ ಅಥವಾ ಕೂತಾಗಲೇ 94ಕ್ಕಿಂತ ಕೆಳಗಿದ್ದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ, 92ಕ್ಕಿಂತ ಕೆಳಗಿಳಿದರೆ ನೇರ ಆಸ್ಪತ್ರೆಗೆ. ಬರೆದ ಆ ಚೀಟಿ, ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ ಫಿಲ್ಮ್ ಮೂರನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಿ, ಲಾರಿಗೆ ಹಾಕುವ ಸಾಮಾನಿನ ಜೊತೆ ಕಟ್ಟಬೇಡಿ. ಅಲ್ಲಿನ ಹೊಸ ಡಾಕ್ಟರು ಮೊದಲು ಕೇಳುವುದೇ ಹಳೆಯ ಎಕ್ಸ್‌ರೇ. ನನ್ನದು ಆಗ ಯಾವುದೋ ಡಬ್ಬದ ತಳದಲ್ಲಿ, ಸಾಮಾನಿನ ಲಾರಿಯೊಳಗೆ, ಇನ್ನೂ ನಾಗಪುರದ ಹತ್ತಿರ ಇತ್ತು.