ಗಂಧದ ಬೊಟ್ಟಿನ ಕೆಳಗೆ ತುಕ್ಕು

ಓದುಗರ ಪ್ರಶ್ನೆಗಳಿಗೆ ಉತ್ತರಿಸುವವರು ಸೇನೆಯಲ್ಲಿ 22 ವರ್ಷ ಆರ್ಮರರ್ (ಆಯುಧಗಳ ದುರಸ್ತಿ ನೋಡಿಕೊಳ್ಳುವವರು) ಆಗಿದ್ದು, ಈಗ ವಿರಾಜಪೇಟೆ ಬಳಿ ಕಾಫಿ ತೋಟ ನೋಡಿಕೊಂಡಿರುವ ನಮ್ಮ ಅಂಕಣಕಾರರು.

ಪ್ರಶ್ನೆ: ನಮ್ಮ ಮನೆಯಲ್ಲಿ ಅಪ್ಪನ ಕಾಲದ 12 ಬೋರಿನ ಜೋಡುನಳಿಗೆ ಕೋವಿ ಇದೆ. ನಾನಿರುವುದು ಮೈಸೂರಿನಲ್ಲಿ. ವರ್ಷಕ್ಕೊಮ್ಮೆ ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ಗೆ ಊರಿಗೆ ಬಂದು, ಕೋವಿ ಒರೆಸಿ, ಪೂಜೆಗಿಟ್ಟು, ಮತ್ತೆ ಚರ್ಮದ ಚೀಲಕ್ಕೆ ಹಾಕಿ ಬೀರುವಿನಲ್ಲಿಟ್ಟು ಹೋಗುತ್ತೇನೆ. ಈ ಸಲ ತೆಗೆದು ನೋಡಿದರೆ ನಳಿಗೆಯ ಮೇಲೆ ರೂಪಾಯಿ ನಾಣ್ಯದಷ್ಟು ದುಂಡಗಿನ ತುಕ್ಕು, ಪಕ್ಕದಲ್ಲಿ ನಾಲ್ಕು ಕಂದು ಗೆರೆ. ಮನೆ ಸೋರಿಲ್ಲ, ಬೀರುವಿಗೆ ನೀರು ಇಳಿದಿಲ್ಲ. ತುಕ್ಕು ಎಲ್ಲಿಂದ ಬಂತು? ಮರಳು ಕಾಗದದಲ್ಲಿ ಉಜ್ಜಬಹುದೇ? (ಪೊನ್ನಂಪೇಟೆ ಕಡೆಯ ಓದುಗರು)

ಉತ್ತರ: ಮೊದಲು ಮರಳು ಕಾಗದವನ್ನು ಕೆಳಗಿಡಿ. ಆಮೇಲೆ ಮಾತಾಡೋಣ.

ಆ ದುಂಡು ಗುರುತು ಎಲ್ಲಿಂದ ಬಂತೆಂದು ನಿಮ್ಮ ಪತ್ರದಲ್ಲೇ ಇದೆ. ಕಳೆದ ಕೈಲ್‌ಪೊಳ್ದ್‌ನಲ್ಲಿ ನಳಿಗೆಗೆ ಗಂಧದ ಬೊಟ್ಟು ಇಟ್ಟಿದ್ದಿರಿ, ಅಲ್ಲವೇ? ತೇದ ಗಂಧ ಎಂದರೆ ಅರ್ಧಕ್ಕರ್ಧ ನೀರು. ಒಣಗಿದ ಮೇಲೂ ಆ ಪುಡಿ ಗಾಳಿಯ ತೇವ ಹೀರಿಕೊಂಡು ಕಬ್ಬಿಣಕ್ಕೆ ಅಂಟಿಕೊಂಡೇ ಇರುತ್ತದೆ. ನೀವು ಸುತ್ತಲೂ ಒರೆಸಿದ್ದೀರಿ, ಬೊಟ್ಟು ಅಳಿಸಲು ಮನಸ್ಸು ಬಂದಿಲ್ಲ. ನಳಿಗೆಯ ಬಾಯಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸುವಾಗಲೂ ತೊಟ್ಟಿನ ರಸ ಇಳಿಯುತ್ತದೆ. ಪೂಜೆ ಬೇಡ ಎನ್ನುತ್ತಿಲ್ಲ, ನಮ್ಮ ಮನೆಯಲ್ಲೂ ಇಡುತ್ತೇವೆ. ಆದರೆ ಬೊಟ್ಟು ಮರದ ಭಾಗಕ್ಕಿರಲಿ, ನಳಿಗೆಗೆ ಬೇಡ. ಊಟ ಮುಗಿಸಿ ಕೈ ತೊಳೆದ ಮೇಲೆ ಅದೇ ದಿನ ಕೋವಿಯನ್ನು ಇನ್ನೊಮ್ಮೆ ಪೂರ್ತಿ ಒರೆಸಿ. ಕಡಂಬುಟ್ಟು, ಪಂದಿಕರಿ ತಿಂದ ಕೈಯಲ್ಲಂತೂ ಮುಟ್ಟಲೇಬೇಡಿ.

ನಾಲ್ಕು ಗೆರೆಗಳಿಗೆ ನಿಮ್ಮ ಕೈಯನ್ನೇ ಅಳತೆ ಹಿಡಿದು ನೋಡಿ, ಕೂತುಕೊಳ್ಳುತ್ತವೆ. ಎಣ್ಣೆ ಒರೆಸಿದ ಮೇಲೆ ಬರಿಗೈಯಲ್ಲಿ ನಳಿಗೆ ಹಿಡಿದು ಚೀಲಕ್ಕೆ ತುರುಕಿದ್ದೀರಿ. ಬೆವರಿನಲ್ಲಿ ಉಪ್ಪಿದೆ, ಉಪ್ಪು ತೇವವನ್ನು ಕರೆಯುತ್ತದೆ. ನಮ್ಮ ಯೂನಿಟ್ಟಿನಲ್ಲಿ ಕೆಲವರ ಕೈ ಎಷ್ಟು ಉಪ್ಪು ಬಿಡುತ್ತಿತ್ತೆಂದರೆ, ಯಾವ ರೈಫಲನ್ನು ಯಾರು ಮುಟ್ಟಿದ್ದಾರೆಂದು ವಾರದ ಮೇಲೆ ಗುರುತು ನೋಡಿ ಹೇಳಬಹುದಿತ್ತು. ಒರೆಸಿದ ಮೇಲೆ ಎಣ್ಣೆಬಟ್ಟೆಯಿಂದಲೇ ಹಿಡಿದು ಇಡುವ ಅಭ್ಯಾಸ ಮಾಡಿ.

ಇನ್ನು ಎಲ್ಲಕ್ಕಿಂತ ದೊಡ್ಡ ತಪ್ಪು ಆ ಚರ್ಮದ ಚೀಲ. ಹದ ಮಾಡುವಾಗ ಸೇರಿದ ಉಪ್ಪು, ಆಮ್ಲ ಚರ್ಮದಲ್ಲಿ ಉಳಿದಿರುತ್ತವೆ. ಒಳಗಿನ ಮೆತ್ತನೆಯ ಬಟ್ಟೆ ಜೂನ್‌ನಲ್ಲಿ ಕುಡಿದ ನೀರನ್ನು ದೀಪಾವಳಿಯಾದರೂ ಬಿಡುವುದಿಲ್ಲ. ಚೀಲ ಇರುವುದು ಕೋವಿಯನ್ನು ಒಯ್ಯಲಿಕ್ಕೆ, ಇಡಲಿಕ್ಕಲ್ಲ. ಹೊದಿಕೆ ಹೊದಿಸಿದರೆ ಬೆಚ್ಚಗಿರುತ್ತದೆ ಎಂದುಕೊಳ್ಳಲು ಅದೇನು ಮಗುವೇ?

ನಾನು ಮಾಡಿದ್ದು ಇದಕ್ಕಿಂತ ದಡ್ಡತನ. 1994ರ ಜುಲೈಯಲ್ಲಿ ರಜೆ ಮುಗಿಸಿ ಹೊರಡುವ ದಿನ ಅಪ್ಪನ ಕೋವಿಗೆ ಚೆನ್ನಾಗಿ ಎಣ್ಣೆ ಹಚ್ಚಿ, ಗೊಬ್ಬರದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಬಾಯಿಗೆ ಹುರಿ ಬಿಗಿದು ಹೋದೆ. ಆರ್ಮರರ್ ಎಂಬ ಜಂಬ ಬೇರೆ. ಕಕ್ಕಡದ (ಕೊಡಗಿನ ಜಡಿಮಳೆಯ ತಿಂಗಳು) ಗಾಳಿಯನ್ನು ಕೋವಿಯ ಜೊತೆಗೇ ಒಳಗೆ ಕಟ್ಟಿ ಹಾಕಿದ್ದೇನೆಂದು ಹೊಳೆಯಲಿಲ್ಲ. ರಾತ್ರಿ ತಣ್ಣಗಾದಾಗ ಆ ತೇವ ನಳಿಗೆಯ ಮೇಲೆ ಹನಿಯಾಗಿ ಕೂರುತ್ತದೆ, ಹೊರಗೆ ಹೋಗಲು ದಾರಿ ಇಲ್ಲ. ಮರುವರ್ಷ ಹುರಿ ಬಿಚ್ಚಿದಾಗ ಕೋವಿಯ ಕುದುರೆಗಳೆರಡೂ (ಈಡು ಹಾರಿಸುವ ಸುತ್ತಿಗೆಗಳು) ಕೆಂಪಗಾಗಿದ್ದವು. ಅಪ್ಪ ಏನೂ ಅನ್ನಲಿಲ್ಲ, ಕೋವಿಯನ್ನು ಒಳಗೆ ತೆಗೆದುಕೊಂಡು ಹೋದರು ಅಷ್ಟೆ.

ಈಗ ನೀವು ಮಾಡಬೇಕಾದ್ದು. ಮೊದಲು ನಳಿಗೆಯನ್ನು ಬಗ್ಗಿಸಿ ಕೋವಿ ತೆರೆದು, ತೋಟೆ ಕೂರುವ ಎರಡೂ ಕೋಣೆ ಖಾಲಿ ಇವೆಯೇ ಎಂದು ಕಣ್ಣಿಂದ ನೋಡಿ, ಬೆರಳಿಂದಲೂ ಮುಟ್ಟಿ ನೋಡಿ. ತುಕ್ಕಿನ ಮೇಲೆ ತೆಳ್ಳನೆಯ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಮರುದಿನ 0000 ನಂಬರಿನ ಸ್ಟೀಲ್ ವೂಲನ್ನು ಎಣ್ಣೆಯಲ್ಲಿ ಅದ್ದಿ, ಮಗುವಿನ ಕೆನ್ನೆ ಒರೆಸುವಷ್ಟು ಹಗುರವಾಗಿ ಉಜ್ಜಿ. ಪಾತ್ರೆ ತಿಕ್ಕುವ ನಾರು ಅಲ್ಲ. ಬಿಡದಿದ್ದರೆ ಹಳೆಯ ತಾಮ್ರದ ಬಿಲ್ಲೆಯ ಅಂಚಿನಿಂದ ಕೆರೆಯಿರಿ. ತಾಮ್ರ ಉಕ್ಕಿಗಿಂತ ಮೆತ್ತಗೆ, ಗೀರು ಬೀಳುವುದಿಲ್ಲ. ಮರಳು ಕಾಗದ ಬೇಡ ಎಂದದ್ದಕ್ಕೆ ಕಾರಣ ಇದೆ: ನಳಿಗೆಯ ಕಪ್ಪುನೀಲಿ ಬಣ್ಣ ಪೇಂಟಲ್ಲ, ಅದೂ ಕಬ್ಬಿಣದ ಆಕ್ಸೈಡೇ. ಕೆಂಪು ತುಕ್ಕು ಕಬ್ಬಿಣವನ್ನು ತಿನ್ನುತ್ತದೆ, ಈ ಕಪ್ಪು ಪದರ ಎಣ್ಣೆಯನ್ನು ಹಿಡಿದುಕೊಂಡು ಕಾಯುತ್ತದೆ. ಹಳೆಯ ಪದ್ಧತಿಯಲ್ಲಿ ನಳಿಗೆಗೆ ಬೇಕೆಂದೇ ಕೆಂಪು ತುಕ್ಕು ಬರಿಸಿ, ಕುದಿಯುವ ನೀರಲ್ಲಿ ಮುಳುಗಿಸಿ ಕಪ್ಪಾಗಿಸುತ್ತಿದ್ದರು. ಕೆರೆದು ತೆಗೆದರೆ ಬೆಳ್ಳಗಿನ ಉಕ್ಕು ಕಾಣುತ್ತದೆ, ನೋಡಲು ಚೆಂದ, ಮುಂದಿನ ಮಳೆಗಾಲಕ್ಕೆ ಅಲ್ಲೇ ತುಕ್ಕು.

ನಳಿಗೆಯ ಒಳಗೆ ಸರಳಿಗೆ ಚಿಂದಿ ಸಿಕ್ಕಿಸಿ ಎಳೆಯಿರಿ. ಸೇನೆಯ ಹಳೆಯ .303 ರೈಫಲಿನ ಹಿಂಬದಿ ಮರದೊಳಗೆ ಪುಟ್ಟ ಗೂಡಿತ್ತು. ಹಿತ್ತಾಳೆ ತಗಡು ಸರಿಸಿದರೆ ಒಳಗೆ ಪುಲ್‌ಥ್ರೂ ಹಗ್ಗ (ಚಿಂದಿ ಸಿಕ್ಕಿಸಿ ನಳಿಗೆಯೊಳಗೆ ಎಳೆಯುವುದು), ಒಂದು ಎಣ್ಣೆ ಡಬ್ಬಿ. ಆ ರೈಫಲಿನ ಚಿಂದಿಯ ಅಳತೆ 4 ಇಂಚಿಗೆ 2 ಇಂಚು. ಚಿಂದಿ ಬೆಳ್ಳಗೆ ಹೊರಬರುವವರೆಗೆ ಎಳೆದು, ಕೊನೆಯದಕ್ಕೆ ಮಾತ್ರ ಎಣ್ಣೆ. ಹೆಚ್ಚು ಎಣ್ಣೆ ಸುರಿಯಬೇಡಿ, ಅದು ಇಳಿದು ಹಿಡಿಯ ಮರಕ್ಕೆ ಸೇರಿ ಮರ ಮೆತ್ತಗಾಗುತ್ತದೆ. ಅದಕ್ಕೇ ವರ್ಷಗಟ್ಟಲೆ ಇಡುವ ಕೋವಿಯನ್ನು ಬಾಯಿ ಕೆಳಗೆ ಮಾಡಿ, ಅಡಿಗೊಂದು ಬಟ್ಟೆ ಹಾಕಿ ನಿಲ್ಲಿಸುವುದು. ಆರೆಂಟು ತಿಂಗಳು ಯಾರೂ ಮುಟ್ಟುವುದಿಲ್ಲವಾದರೆ ಹೊರಗೆ ಎಣ್ಣೆಗಿಂತ, ತೆಳುವಾಗಿ ಸವರಿದ ಪೆಟ್ರೋಲಿಯಂ ಜೆಲ್ಲಿ ವಾಸಿ, ಜಾರಿ ಇಳಿಯುವುದಿಲ್ಲ. ಮತ್ತೆ ಈಡು ಹೊಡೆಯುವ ಮುಂಚೆ ನಳಿಗೆಯೊಳಗಿನದನ್ನು ಪೂರ್ತಿ ಒರೆಸಿ ತೆಗೆಯಲೇಬೇಕು. ಸ್ಪ್ರೇ ಡಬ್ಬಿ ಡಬ್ಲ್ಯುಡಿ-40 ನೀರು ಓಡಿಸಲು ಸರಿ, ಆದರೆ ಅದರ ಬಹುಪಾಲು ಆರಿಹೋಗುತ್ತದೆ. ವರ್ಷ ಕಾಯುವ ಕೆಲಸ ಅದರದ್ದಲ್ಲ.

ಬೀರುವಿನೊಳಗೆ ಒಂದು ಹೈಗ್ರೋಮೀಟರ್ (ಗಾಳಿಯ ತೇವ ಅಳೆಯುವ ಮಾಪಕ) ಇಡಿ. ಕೆಲವು ನೂರು ರೂಪಾಯಿಗೆ ಬರುತ್ತದೆ. ತೇವಾಂಶ ಶೇ 50ರ ಆಸುಪಾಸಿನಲ್ಲಿದ್ದರೆ ನೆಮ್ಮದಿ. 60 ದಾಟಿದರೆ ತುಕ್ಕು ಓಟ ಶುರು ಮಾಡುತ್ತದೆ. 40ಕ್ಕಿಂತ ಕೆಳಗೆ ಒಣಗಿಸಿದರೆ ಮರ ಬಿರುಕು ಬಿಡಬಹುದು. ತೇವ ಹೀರುವ ಸಿಲಿಕಾ ಜೆಲ್ ಹರಳು ಅರ್ಧ ಕಿಲೋ ಬಟ್ಟೆಚೀಲದಲ್ಲಿ ತೂಗುಹಾಕಿ. ಕಿತ್ತಳೆ ಬಣ್ಣದ್ದು ನೀರು ಕುಡಿದು ಹಸಿರಾದಾಗ ಓವನ್ನಿನಲ್ಲಿ 120 ಡಿಗ್ರಿಗೆ ಒಂದೆರಡು ಗಂಟೆ ಇಟ್ಟರೆ ಮತ್ತೆ ಕೆಲಸಕ್ಕೆ ಬರುತ್ತದೆ. ನೀಲಿಯದ್ದು ಬೇಡ, ಅದರ ಬಣ್ಣಕ್ಕೆ ಹಾಕುವ ಕೋಬಾಲ್ಟ್ ವಿಷ. ಹಿಂದೆ ಬೀರುವಿನ ತಳದಲ್ಲಿ ಸಣ್ಣ ಬಲ್ಬು ಉರಿಸುತ್ತಿದ್ದರು, ಅದರ ಶಾಖವೇ ಸಾಕಾಗುತ್ತಿತ್ತು. ಈಗ ಅದೇ ಹೋಲ್ಡರಿಗೆ ಎಲ್‌ಇಡಿ ಹಾಕಿ, ದೀಪ ಉರಿಯುತ್ತಿದೆಯಲ್ಲ ಎಂದು ನಿಶ್ಚಿಂತೆಯಾಗಿರುವವರನ್ನು ಕಂಡಿದ್ದೇನೆ. ಆ ದೀಪದಲ್ಲಿ ತುಕ್ಕು ಸ್ಪಷ್ಟವಾಗಿ ಕಾಣುತ್ತದೆ, ಅಷ್ಟೇ ಲಾಭ. ತೋಟೆಗಳನ್ನು ಬೇರೆ ಕಡೆ ಬೀಗ ಹಾಕಿಡಿ.

ಪ್ರಶ್ನೆ: ನಮಗೆ ಲೈಸೆನ್ಸ್ ವಿನಾಯಿತಿ ಇದೆಯಲ್ಲ, ರಿಪೇರಿಗೆ ಊರಿನ ಕಮ್ಮಾರನಿಗೆ ಕೊಡಬಹುದೇ? (ಮಡಿಕೇರಿ)

ಉತ್ತರ: ವಿನಾಯಿತಿ ಇರುವುದು ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ. 2029ರ ಅಕ್ಟೋಬರ್ 31ರವರೆಗೆ. ಕಮ್ಮಾರನಿಗೆ ಅಲ್ಲ. ಕೋವಿ ರಿಪೇರಿಗೆ ಪರವಾನಗಿ ಇರುವವರ ಹತ್ತಿರವೇ ಹೋಗಿ, ಕೊಟ್ಟದ್ದಕ್ಕೆ ರಸೀದಿ ತೆಗೆದುಕೊಳ್ಳಿ.

ಪ್ರಶ್ನೆ: ಚುನಾವಣೆ ಬಂದಾಗಲೆಲ್ಲ ಬೆಳೆರಕ್ಷಣೆಯ ಕೋವಿಯನ್ನು ಠಾಣೆಗೆ ಒಪ್ಪಿಸುತ್ತೇವೆ. ಕಳೆದ ಬಾರಿ ಎರಡು ತಿಂಗಳ ನಂತರ ವಾಪಸ್ ಬಂದದ್ದು ತುಕ್ಕು ಹಿಡಿದ ಕೋವಿ. ಯಾರನ್ನು ಕೇಳುವುದು? (ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು)

ಉತ್ತರ: ಕೇಳಿ ಪ್ರಯೋಜನ ಕಡಿಮೆ. ಒಂದು ಕೋಣೆಯಲ್ಲಿ ನೂರಾರು ಕೋವಿ ಒರಗಿಸಿಟ್ಟಿರುತ್ತಾರೆ, ಪಾಪ ಅವರಾದರೂ ಎಷ್ಟನ್ನು ಒರೆಸುತ್ತಾರೆ? ಹಿಂದಿನ ರಾತ್ರಿ ನೀವೇ ಒಳಗೆ ಹೊರಗೆ ಗ್ರೀಸ್ ಸವರಿ ಕೊಡಿ. ಹೆಗಲಿಗೆ ಹಾಕುವ ಪಟ್ಟಿ, ಚೀಲ ಮನೆಯಲ್ಲೇ ಬಿಡಿ. ಒಪ್ಪಿಸುವ ಮುಂಚೆ ನಾಲ್ಕು ಕಡೆಯಿಂದ ಮೊಬೈಲಿನಲ್ಲಿ ಫೋಟೋ ತೆಗೆದು, ಕೋವಿಯ ಸ್ಥಿತಿಯನ್ನು ರಸೀದಿಯಲ್ಲಿ ಬರೆಸಿ. ವಾಪಸ್ ಪಡೆದ ದಿನವೇ ಒರೆಸಿ, ನಾಳೆ ಎಂದರೆ ಮುಂದಿನ ಚುನಾವಣೆ ಬರುತ್ತದೆ.

ಪ್ರಶ್ನೆ: ನಮ್ಮಜ್ಜ ಕೋವಿಗೆ ಕೊಬ್ಬರಿ ಎಣ್ಣೆಯನ್ನೇ ಹಚ್ಚುತ್ತಿದ್ದರು. ನಾವೂ ಹಚ್ಚಬಹುದೇ?

ಉತ್ತರ: ನಿಮ್ಮಜ್ಜ ವಾರಕ್ಕೊಮ್ಮೆ ಹಚ್ಚುತ್ತಿದ್ದಿರಬೇಕು. ನೀವು ವರ್ಷಕ್ಕೊಮ್ಮೆ. ಅಷ್ಟರಲ್ಲಿ ಅದು ಕಮಟಾಗಿ ಆಮ್ಲ ಬಿಡುತ್ತದೆ, ಚಳಿಗೆ ಹೆಪ್ಪುಗಟ್ಟಿ ಕುದುರೆಯೂ ಎಳೆಯಲಾರದು. ಎಳ್ಳೆಣ್ಣೆ ಇನ್ನೂ ಕೆಟ್ಟದು, ಅಂಟಾಗುತ್ತದೆ. ಖನಿಜ ಎಣ್ಣೆಯೇ ಇರಲಿ.

ಪ್ರಶ್ನೆ: ತೋಟದಲ್ಲಿ ಮಂಗ ಹೆದರಿಸಲು ಕೇಪಿನ ಕೋವಿಯಲ್ಲಿ (ಬಾಯಿಂದ ಮದ್ದು ತುಂಬುವ ಹಳೆಯ ಬಗೆ) ಬರೀ ಮದ್ದು ಹೊಡೆಯುತ್ತೇವೆ. ಎಷ್ಟು ಎಣ್ಣೆ ಹಾಕಿದರೂ ನಳಿಗೆ ಒಳಗೆ ತುಕ್ಕು. (ಕೊಪ್ಪ)

ಉತ್ತರ: ಕಪ್ಪು ಮದ್ದು ಸುಟ್ಟು ಉಳಿಯುವ ಮಸಿಯಲ್ಲಿ ಪೊಟ್ಯಾಸಿಯಂ ಲವಣಗಳಿವೆ, ಅವು ಗಾಳಿಯ ತೇವ ಕುಡಿಯುತ್ತವೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಲ್ಲಿ ಕರಗುತ್ತದೆ. ತುಕ್ಕಿಗೆ ಹೆದರಿ ನೀರು ತಾಗಿಸದೆ ಇರುವುದೇ ನಿಮ್ಮ ತುಕ್ಕಿಗೆ ಕಾರಣ. ಹೊಡೆದ ದಿನವೇ, ಕೇಪು ತೆಗೆದು ಒಳಗೆ ಮದ್ದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಸ್ವಲ್ಪ ಸಾಬೂನು ಬೆರೆಸಿದ ಬಿಸಿನೀರಲ್ಲಿ ನಳಿಗೆ ತೊಳೆಯಿರಿ. ಕೊನೆಯ ನೀರು ಕೊತಕೊತ ಕುದಿಯುತ್ತಿರಲಿ, ಉಕ್ಕು ಬಿಸಿಯಾಗಿ ತಾನೇ ಆರುತ್ತದೆ. ಬೆಚ್ಚಗಿರುವಾಗಲೇ ಎಣ್ಣೆ ಚಿಂದಿ ಎಳೆಯಿರಿ. ಮಾರನೆಯ ಬೆಳಿಗ್ಗೆ ಒಣ ಬಿಳಿ ಚಿಂದಿ ಹಾಕಿ ನೋಡಿ. ಕಂದು ಬಂದರೆ ಮತ್ತೆ ನೀರು ಕಾಯಲಿಕ್ಕಿಡಿ.